ಗೋಡೆಯ ಮೇಲಿಲ್ಲದ ಚಪ್ಪಲಿ

ಹೆದರಿಕೆ ಇಲ್ಲದವರೇ ಸಮುದ್ರದಲ್ಲಿ ಈಜುವುದು ಎಂದು ಹೇಳುವವರು ಕಾಲಿನ ಹೆಬ್ಬೆರಳನ್ನೂ ಸಮುದ್ರಕ್ಕೆ ಅದ್ದಿರುವುದಿಲ್ಲ. ಈಜಲು ಶುರುಮಾಡಿ ಮೂರು ವರ್ಷವಾದ ಮೇಲೂ ಅವಳಿಗೆ, ಮೊದಲ ಅಲೆ ಹೊಟ್ಟೆಗೆ ತಾಗಿದ ಕೂಡಲೇ ಜೀವ ಬಾಯಿಗೆ ಬರುತ್ತಿತ್ತು. ನಾಳೆಯಿಂದ ಈ ಉಸಾಬರಿಯೇ ಬೇಡ ಅನ್ನಿಸುತ್ತಿತ್ತು. ಮರುದಿನ ನೋಡಿದರೆ ಅಲಾರಾಂ ಹೊಡೆಯುವ ಮುಂಚೆಯೇ ಎದ್ದು ಕೂತಿರುತ್ತಿದ್ದಳು.

ಅವಳ ಕೆಲಸ ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ. ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಜು ಕಸದ ಬುಟ್ಟಿಗೆ, ಮಾಲೀಕರ ಬೈಗುಳ ಇವಳ ತಲೆಗೆ. ಸಂಜೆಯ ಹೊತ್ತಿಗೆ ಕತ್ತು ಮರದ ತುಂಡಿನಂತೆ ಸೆಟೆದುಕೊಂಡಿರುತ್ತಿತ್ತು. ಸಮುದ್ರದಲ್ಲಾದರೆ ಯಾವುದನ್ನೂ ಸರಿಯಾಗಿ ನೋಡುವ ಗೊಡವೆಯಿಲ್ಲ. ಕನ್ನಡಕ ತೆಗೆದರೆ ಅವಳಿಗೆ ಹತ್ತು ಅಡಿ ಆಚೆಗಿನದೆಲ್ಲ ಬರೀ ಬಣ್ಣದ ಕಲೆ. ಆ ಕಲೆಗಳ ನಡುವೆ ಕೈಬೀಸಿಕೊಂಡು ಹೋಗುವಾಗ ಮೈಯ ಭಾರವನ್ನೆಲ್ಲ ಯಾರೋ ಇಳಿಸಿಕೊಂಡಂತೆ ಹಾಯೆನಿಸುತ್ತಿತ್ತು. ದಡದಿಂದ ಸಾಕಷ್ಟು ದೂರದಲ್ಲಿ, ಸರಪಳಿಗೆ ಕಟ್ಟಿದ ಕಿತ್ತಳೆ ಬಣ್ಣದ ಡ್ರಮ್ಮೊಂದು ತೇಲುತ್ತಿತ್ತು. ಅದನ್ನು ಮುಟ್ಟಿ, ಒಂದು ಗುದ್ದು ಕೊಟ್ಟು ವಾಪಸು ಬಂದರೆ ಆ ದಿನದ ಈಜು ಮುಗಿಯಿತು.

ಜೊತೆಗೆ ಈಜುವವರು ನಾಲ್ವರು, ಎಲ್ಲ ಗಂಡಸರು, ಅವರಲ್ಲೊಬ್ಬ ಬಸ್ ಡ್ರೈವರ್. ಅವರಿಗೆಲ್ಲ ಹಿರಿಯರು ನಿವೃತ್ತ ಹೆಡ್‌ಮಾಸ್ಟರ್. ಕೆಲಸ ಬಿಟ್ಟು ಹತ್ತು ವರ್ಷವಾದರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಅವರದು ಒಂದೇ ಕಟ್ಟಳೆ: ನೀರಿಗಿಳಿಯುವ ಮುಂಚೆ ಎಲ್ಲರೂ ದಡದ ಮೋಟುಗೋಡೆಯ ಮೇಲೆ ಚಪ್ಪಲಿ ಬಿಡಬೇಕು, ಎದ್ದು ಬಂದವರು ತಕ್ಷಣ ತಮ್ಮದನ್ನು ಮೆಟ್ಟಿಕೊಳ್ಳಬೇಕು. ಗೋಡೆಯ ಮೇಲೆ ಒಂದು ಜೊತೆ ಉಳಿದಿದ್ದರೆ ನೀರಿನಲ್ಲಿ ಒಬ್ಬರು ಉಳಿದಿದ್ದಾರೆ ಎಂದರ್ಥ. ಮಂಜು ಮುಸುಕಿದ ದಿನ ಅವರು ಎಲ್ಲರಿಗಿಂತ ಮೊದಲು ಎದ್ದು ಬಂದು, ಕೊನೆಯ ಜೊತೆ ಗೋಡೆಯಿಂದ ಇಳಿಯುವ ತನಕ ಸೀಟಿ ಊದುತ್ತಿದ್ದರು. ಆ ಸದ್ದು ಹಿಡಿದು ಉಳಿದವರು ದಡ ಸೇರಬೇಕು.

"ಮನುಷ್ಯರು ಲೆಕ್ಕ ತಪ್ತಾರೆ, ಚಪ್ಪಲಿ ತಪ್ಪಲ್ಲ," ಎಂದು ಅವರು ಹೇಳುತ್ತಲೇ ಇರುತ್ತಿದ್ದರು.

ಅವತ್ತು ಹೊಸ್ತಿಲಲ್ಲೇ ಅವಳ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಮೊದಲೇ ತಡವಾಗಿತ್ತು. ಗಂಡ ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರಿಗೆ ನೀರೆಂದರೆ ಎಷ್ಟು ಭಯವೆಂದರೆ, ಬಸ್ಸಿನಲ್ಲಿ ಸಮುದ್ರ ಕಾಣುವ ಕಡೆಯ ಸೀಟಿನಲ್ಲೂ ಕೂರುತ್ತಿರಲಿಲ್ಲ.

"ನೋಡು, ಚಪ್ಪಲಿಗೇ ಇಷ್ಟ ಇಲ್ಲ. ಇವತ್ತೊಂದಿನ ಮನೇಲಿರು."

"ಎರಡು ಬೀದಿ ದಾಟೋಕೆ ಚಪ್ಪಲಿ ಯಾಕೆ ಅತ್ತೆ? ಬರಿಗಾಲಲ್ಲೇ ಹೋಗ್ತೀನಿ."

"ಒಂದಿನ ಆ ನೀರು ನಿನ್ನ ನುಂಗುತ್ತೆ. ಆಗ ನನ್ ಮಗನಿಗೆ ಏನಂತ ಹೇಳ್ಲಿ?"

"ಏನೂ ಹೇಳ್ಬೇಡಿ. ಹುಡುಕೋಕೂ ಬರ್ಬೇಡಿ!"

ಮಾತು ಬಾಯಿಂದ ಜಾರಿತು. ಬೀದಿಯ ತಿರುವಿನಲ್ಲೇ ಛೆ ಅನ್ನಿಸಿತು. ವಾಪಸು ಹೋಗಿ ಸಮಾಧಾನ ಹೇಳಲು ಹೊತ್ತಿರಲಿಲ್ಲ, ಬಂದು ಹೇಳಿದರಾಯಿತು ಎಂದುಕೊಂಡಳು.

ಅವಳು ಹೋಗುವ ಹೊತ್ತಿಗೆ ಗಂಡಸರೆಲ್ಲ ನೀರಿಗಿಳಿದಾಗಿತ್ತು. ಗೋಡೆಯ ಮೇಲೆ ನಾಲ್ಕು ಜೊತೆ ಚಪ್ಪಲಿ. ಹೆಂಗಸರ ಬಟ್ಟೆ ಬದಲಿಸುವ ಕೋಣೆಗೆ ಅವಳೊಬ್ಬಳೇ ಗಿರಾಕಿ. ಒಳಗೆ ಮೊಳೆಗೆ ಚೀಲ ತೂಗುಹಾಕಿ, ಕನ್ನಡಕವನ್ನು ಅದರೊಳಗಿಟ್ಟು, ನೇರ ನೀರಿಗೆ ಓಡಿದಳು. ಬಿಡಲು ಚಪ್ಪಲಿಯೇ ಇಲ್ಲದ ಮೇಲೆ ಗೋಡೆಯ ನೆನಪಾದರೂ ಯಾಕೆ ಬರಬೇಕು?

ಡ್ರಮ್ಮಿಗೆ ಗುದ್ದು ಕೊಟ್ಟು ತಿರುಗಿದಾಗ ದಡ ಇರಲಿಲ್ಲ.

ಕಣ್ಣು ಉಜ್ಜಿಕೊಂಡಳು. ದಡದ ಕಂದು ಕಲೆ ಇಲ್ಲ, ಕಟ್ಟಡಗಳ ಬಿಳಿ ಕಲೆ ಇಲ್ಲ. ಎಲ್ಲ ಕಡೆಯೂ ಒಂದೇ ಬೂದು. ಮಂಜು ಇಷ್ಟು ಬೇಗ ಇಳಿದದ್ದನ್ನು ಅವಳು ಕಂಡಿರಲಿಲ್ಲ. ಅಷ್ಟರಲ್ಲಿ ಸೀಟಿ ಕೇಳಿಸಿತು. ಹೆಡ್‌ಮಾಸ್ಟರ್! ಸದ್ದಿನ ಕಡೆಗೆ ಮುಖ ಮಾಡಿ ಕೈ ಬೀಸಿ ಈಜಿದಳು. ಇಳಿತದ ಸಮಯ, ನೀರು ಅವಳನ್ನು ಪಕ್ಕಕ್ಕೂ ಹಿಂದಕ್ಕೂ ಎಳೆಯುತ್ತಿತ್ತು. ಆದರೂ ನಾಲ್ಕು ಬೀಸಿಗೊಮ್ಮೆ ತಲೆಯೆತ್ತಿ ಸೀಟಿ ಕೇಳಿ, ದಾರಿ ತಿದ್ದಿಕೊಂಡು ಮುಂದೆ ಬಂದಳು.

ಆಮೇಲೆ ಸೀಟಿ ನಿಂತಿತು.

ಉಸಿರು ತೆಗೆದುಕೊಳ್ಳುತ್ತಿದ್ದಾರೆ, ವಯಸ್ಸಾಗಿದೆ ಪಾಪ, ಅಂದುಕೊಂಡಳು. ಇಪ್ಪತ್ತರವರೆಗೆ ಎಣಿಸಿದಳು. ಮತ್ತೆ ಇಪ್ಪತ್ತು. ನೀರಿನ ಚಪಚಪ ಬಿಟ್ಟರೆ ಏನೂ ಇಲ್ಲ. ಆಗ ತನ್ನ ಬರಿಗಾಲು ನೆನಪಾಯಿತು. ನಾಲ್ಕು ಜೊತೆ ಇದ್ದವು, ನಾಲ್ವರೂ ಮೆಟ್ಟಿಕೊಂಡು ಹೋದರು. ಗೋಡೆ ಖಾಲಿ. ಅವರ ಲೆಕ್ಕದಲ್ಲಿ ಅವಳು ಇವತ್ತು ಬಂದೇ ಇಲ್ಲ.

"ಸಾರ್! ನಾನಿದೀನಿ! ಸಾರ್!"

ಕೂಗು ನಾಲ್ಕು ಮಾರು ದೂರವೂ ಹೋದಂತೆ ಕಾಣಲಿಲ್ಲ. ಕೂಗುವಾಗ ನೀರು ಗಂಟಲಿಗಿಳಿದು ಕೆಮ್ಮು ಬಂತು. ಕೆಮ್ಮಿ ಸುಧಾರಿಸಿಕೊಳ್ಳುವಷ್ಟರಲ್ಲಿ ಅವಳು ತಿರುಗಿಬಿಟ್ಟಿದ್ದಳು, ಯಾವ ಕಡೆಗೆ ಎಂಬುದೇ ತಿಳಿಯಲಿಲ್ಲ. ಡ್ರಮ್ಮು ಎಲ್ಲಿ? ದಡ ಎಲ್ಲಿ? ಕಾಲಿಗೆ ಏನೋ ನುಣ್ಣಗೆ ಸವರಿತು. ಪಾಚಿಯೇ ಇರಬೇಕು, ಆದರೂ ಅವಳು ಚಿಕ್ಕ ಮಗುವಿನಂತೆ ಕಿರುಚಿದಳು. ಬಲ ಮೀನಖಂಡ ಹಿಡಿದುಕೊಂಡಿತು. ಸಾಯುವುದೆಂದರೆ ಇಷ್ಟೊಂದು ಸದ್ದಿಲ್ಲದ ಕೆಲಸವೇ ಎಂದುಕೊಂಡಳು.

ಈಜಿದರೆ ದಡ ಸಿಗಬಹುದು. ದಿಕ್ಕು ತಪ್ಪಿದ್ದರೆ ಒಂದೊಂದು ಬೀಸಿಗೂ ನಡುಸಮುದ್ರವೇ ಹತ್ತಿರವಾಗುತ್ತದೆ. ಅವಳಿಗೆ ಧೈರ್ಯ ಬರಲಿಲ್ಲ. ಅಂಗಾತ ಮಲಗಿ ತೇಲಿದಳು. ಹಲ್ಲು ಕಟಕಟ ಅನ್ನುತ್ತಿತ್ತು. ತಲೆಯೊಳಗೆ ತನ್ನದೇ ಮಾತು ಸುತ್ತುತ್ತಿತ್ತು: ಹುಡುಕೋಕೂ ಬರ್ಬೇಡಿ. ಮುದುಕಿ ಹಟಮಾರಿ, ಹೇಳಿದಂತೆ ಕೇಳಿಬಿಟ್ಟರೆ? ಬೆರಳುಗಳ ಸ್ಪರ್ಶವೇ ತಿಳಿಯದಂತಾಯಿತು. ಎಷ್ಟು ಹೊತ್ತಾಯಿತೋ, ಅಳುವುದಕ್ಕೂ ತ್ರಾಣ ಉಳಿದಿರಲಿಲ್ಲ.

ಸೀಟಿ!

ಮೊದಲಿನಂತೆ ಲಯವಿಲ್ಲ. ಹುಚ್ಚು ಹಿಡಿದವರು ಊದುವ ಹಾಗೆ, ಉಸಿರು ಬಿಡದೆ. ಅದು ಬಂದದ್ದು ಅವಳು ದಡ ಎಂದು ನಂಬಿದ್ದ ಕಡೆಯಿಂದಲ್ಲ, ಸರಿಯಾಗಿ ಹಿಂದಿನಿಂದ. ಈಜಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವ ಧೈರ್ಯವೂ ಆಗಲಿಲ್ಲ. ಹಿಡಿದುಕೊಂಡ ಕಾಲನ್ನು ಎಳೆದುಕೊಂಡೇ, ಬರೀ ಕೈಗಳಿಂದ ನೀರನ್ನು ತಳ್ಳಿದಳು. ಸೀಟಿ ಎಲ್ಲಿ ನಿಂತುಬಿಡುತ್ತದೋ ಎಂಬ ಭಯ ಪ್ರತಿ ಬೀಸಿಗೂ ಬೆನ್ನಟ್ಟಿ ಬಂತು. ಅದು ನಿಲ್ಲಲಿಲ್ಲ. ಕೊನೆಗೆ ಮೊಣಕಾಲಿಗೆ ಮರಳು ತಾಗಿತು.

ಎದುರಿಗೆ ನೀರಲ್ಲೇ ಒಂದು ಕಲೆ ನಿಂತಿತ್ತು. ಹತ್ತು ಅಡಿ ಹತ್ತಿರ ಬಂದ ಮೇಲೆ ಅದು ಅತ್ತೆಯಾಯಿತು. ಮೊಣಕಾಲುದ್ದ ನೀರಿನಲ್ಲಿ, ಒಂದು ಕೈಯಲ್ಲಿ ಬಸ್ ಡ್ರೈವರನ ತೋಳನ್ನು ಉಗುರೂರಿ ಹಿಡಿದು, ಇನ್ನೊಂದು ಕೈಯಲ್ಲಿ ಅವಳ ಚಪ್ಪಲಿಗಳನ್ನು ಎದೆಗವುಚಿಕೊಂಡು ನಿಂತಿದ್ದರು. ಕಿತ್ತ ಪಟ್ಟಿಗೆ ಪಿನ್ನು ಚುಚ್ಚಿದ್ದರು.

ನಡೆದದ್ದನ್ನು ಆಮೇಲೆ ಡ್ರೈವರನೇ ಹೇಳಿದ. ಈಜು ಮುಗಿಸಿ ನಾಲ್ವರೂ ಕೂತಿದ್ದ ದಡದ ಚಹಾದಂಗಡಿಗೆ ಬಂದ ಅತ್ತೆ ಸೊಸೆ ಎಲ್ಲಿ ಎಂದು ಕೇಳಿದರಂತೆ. ಇವತ್ತು ಬಂದಿಲ್ಲಮ್ಮ, ಗೋಡೆ ಖಾಲಿ ಇದೆ ನೋಡಿ, ಎಂದರಂತೆ ಹೆಡ್‌ಮಾಸ್ಟರ್. ಅತ್ತೆ ಚಪ್ಪಲಿ ಎತ್ತಿ ತೋರಿಸಿ, "ಚಪ್ಪಲಿ ನನ್ ಕೈಲಿದೆ. ಹುಡುಗಿ ಎಲ್ಲಿ?" ಎಂದಾಗ ಮೇಷ್ಟರ ಕೈಯ ಲೋಟ ನೆಲಕ್ಕೆ ಬಿತ್ತಂತೆ.

ಅವಳು ಅತ್ತೆಯ ಸೊಂಟ ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಅತ್ತೆಯ ಮೈ ಅವಳ ಮೈಗಿಂತ ಹೆಚ್ಚು ನಡುಗುತ್ತಿತ್ತು.

"ಹುಡುಕೋಕೆ ಬಂದಿಲ್ಲ ನಾನು," ಎಂದರು ಅತ್ತೆ, ಸ್ವರ ಒಡೆದುಹೋಗಿತ್ತು. "ಚಪ್ಪಲಿ ಕೊಡೋಕೆ ಬಂದೆ."

ದಡದಲ್ಲಿ ಸೀಟಿ ಇನ್ನೂ ಕೂಗುತ್ತಲೇ ಇತ್ತು. "ಬಂದ್ರು ಸಾರ್, ಸಾಕು ನಿಲ್ಸಿ!" ಎಂದು ಡ್ರೈವರ್ ಅರಚಿದ. ಹೆಡ್‌ಮಾಸ್ಟರ್ ತಲೆಯಾಡಿಸಿ, ಕಣ್ಣೀರು ಸುರಿಸುತ್ತಲೇ, ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಒಂದು ಜೊತೆ ಸವೆದ ಚಪ್ಪಲಿ ಇತ್ತು, ನೀರಿಗಿಳಿಯುವ ಮುಂಚೆ ಅತ್ತೆ ಬಿಟ್ಟದ್ದು. ಅತ್ತೆ ಸೊಸೆಯ ಕೈ ಹಿಡಿದು ಮೇಲೆ ಬಂದು ಅದನ್ನು ಮೆಟ್ಟಿಕೊಂಡ ಮೇಲೆಯೇ ಅವರು ಸೀಟಿಯನ್ನು ಬಾಯಿಂದ ತೆಗೆದರು.