ಚಿಕ್ಕಮ್ಮನ ದೊಡ್ಡ ಪರದೆ

ಚಿಕ್ಕಮ್ಮ ಮನೆಯಲ್ಲೇ ಕೂತು ಒಬ್ಬ ಇಂಜಿನಿಯರ್‌ಗೆ ಕಟ್ಟಡದ ನಕ್ಷೆ ಬರೆದುಕೊಡುತ್ತಾರೆ. ಈಚೆಗೆ ಕಣ್ಣು ಮಂಜಾಗಿ, ಲ್ಯಾಪ್‌ಟಾಪಿನ ಸಣ್ಣ ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದವು. ಎರಡು ನಕ್ಷೆಗಳು ತಪ್ಪಾಗಿದ್ದವು. ಮೂರನೆಯದೂ ತಪ್ಪಿದರೆ ಕೆಲಸ ಬೇರೆಯವರಿಗೆ ಎಂದು ಇಂಜಿನಿಯರ್ ಸಮಾಧಾನವಾಗಿಯೇ ಹೇಳಿದ್ದರು. ಅದಕ್ಕೇ ಚಿಕ್ಕಪ್ಪ ಯಾರೋ ಬಳಸಿ ಬಿಟ್ಟ ದೊಡ್ಡ ಮಾನಿಟರೊಂದನ್ನು ಅಂಗಡಿಯಿಂದ ಹೊತ್ತು ತಂದರು. ಲ್ಯಾಪ್‌ಟಾಪ್ ಅದನ್ನು ಗುರುತಿಸಲೇ ಇಲ್ಲ.

"ಲೈಟ್ ಉರೀತಿದೆ ನೋಡೇ. ಅಂದ್ರೆ ಜೀವ ಇದೆ," ಎಂದರು ಚಿಕ್ಕಪ್ಪ.

"ಜೀವ ನನಗೂ ಇದೆ. ಕಣ್ಣಿಗೆ ಕಾಣಬೇಕಲ್ಲ," ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಕೇಬಲ್ ಕಿತ್ತು, ಊದಿ, ಮತ್ತೆ ಚುಚ್ಚಿದರು. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದರು. ಸೆಟ್ಟಿಂಗ್ಸ್‌ನಲ್ಲಿ ಒಂದೇ ಪರದೆ. ಬಾಗಿಲಿಗೆ ಒರಗಿ ನಿಂತಿದ್ದ ನನಗೆ ಒಂದು ಅನುಮಾನವಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವರು ಅಂಗಡಿಯವನನ್ನು ಬೈಯಲು ಶುರುಮಾಡಿದ್ದರು. ಮುಗಿಯುವ ತನಕ ಕಾದೆ.

"ಇದೇ ಕೇಬಲ್ ಟಿವಿಗೆ ಹಾಕಿ ನೋಡೋಣ್ವಾ ಚಿಕ್ಕಪ್ಪ?"

"ಓಹೋ, ಪದವೀಧರರು ಮೌನ ಮುರಿದ್ರು."

ಟಿವಿಯಲ್ಲಿ ಚಿತ್ರ ಬಂತು. ಅಂದರೆ ಲ್ಯಾಪ್‌ಟಾಪೂ ಸರಿ, ಕೇಬಲ್ಲೂ ಸರಿ. ಮಾನಿಟರಿನ ಬೆನ್ನಿನಲ್ಲಿ ಎರಡು ಬಗೆಯ ಕಿಂಡಿಗಳಿದ್ದವು. ಹಿಂದಿನವರು ಇನ್ನೊಂದನ್ನು ಬಳಸುತ್ತಿದ್ದಿರಬೇಕು. ಕೇಬಲ್ಲನ್ನು ಮತ್ತೆ ಮಾನಿಟರಿನ ಮೊದಲಿನ ಕಿಂಡಿಗೇ ಸಿಕ್ಕಿಸಿ, ಅಂಚಿನ ಕೆಳಗೆ ತಡಕಾಡಿ ಗುಂಡಿ ಒತ್ತಿದೆ. ಚಿತ್ರ ಯಾವ ಕಿಂಡಿಯಿಂದ ಬರಬೇಕೆಂದು ಕೇಳುವ ಪಟ್ಟಿ ಮೂಡಿತು. ನಮ್ಮ ಕೇಬಲ್ಲಿನ ಬಗೆಯಾದ ಎಚ್‌ಡಿಎಂಐ ಆಯ್ದುಕೊಂಡೆ. ಪರದೆ ಒಮ್ಮೆ ಕಪ್ಪಾಗಿ, ಬೆಳಗಿತು.

ಚಿಕ್ಕಪ್ಪ ತಾವೇ ಸರಿಮಾಡಿದವರಂತೆ ಕುರ್ಚಿ ಎಳೆದುಕೊಟ್ಟರು.

"ಮೊದಲು ನಿನ್ನೆ ಕಳಿಸಿದ್ದ ನಕ್ಷೆ ತೆಗಿ," ಎಂದು ಚಿಕ್ಕಮ್ಮ ನನಗೆ ಹೇಳಿದರು.

ತೆಗೆದೆ. ಮಹಡಿಯ ಬಚ್ಚಲುಮನೆಯ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಅದು ತಿರುಗುವ ದಾರಿ ತೋರಿಸುವ ಬಾಗಿದ ಗೆರೆ, ಕೈ ತೊಳೆಯುವ ಬೇಸಿನ್ನಿನ ಮೇಲೆಯೇ ಹಾದುಹೋಗಿತ್ತು; ತೆರೆದರೆ ಬಾಗಿಲು ಬೇಸಿನ್ನಿಗೆ ಬಡಿಯುತ್ತದೆ. ಅಷ್ಟು ದೊಡ್ಡ ಪರದೆಯಲ್ಲಿ ಅದು ನನಗೂ ಕಾಣುತ್ತಿತ್ತು.

"ಸುಮ್ನಿರು," ಎಂದರು ಚಿಕ್ಕಪ್ಪ, ದನಿ ತಗ್ಗಿಸಿ. "ಇಂಜಿನಿಯರ್ ಇನ್ನೂ ನೋಡಿಲ್ಲ. ಕಟ್ಟೋ ಮೇಸ್ತ್ರಿ ಹೇಗೋ ಸರಿಮಾಡ್ಕೋತಾನೆ."

"ನಾನು ನೋಡಿದ್ನಲ್ಲ," ಎಂದರು ಚಿಕ್ಕಮ್ಮ.

ಚಿಕ್ಕಮ್ಮ ಇಂಜಿನಿಯರ್‌ಗೆ ಫೋನ್ ಮಾಡಿದರು. "ಸರ್, ನಿನ್ನೆಯದ್ರಲ್ಲಿ ಬಾಗಿಲು ತಪ್ಪಾಗಿದೆ... ಇಲ್ಲ, ನಾನೇ ನೋಡಿದ್ದು... ಹೌದು, ಮೂರನೇದು." ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡರು. ಚಿಕ್ಕಪ್ಪ ಆರಿಸಬೇಕಿಲ್ಲದ ಫ್ಯಾನ್ ಆರಿಸಿದರು.

"ಏನಂತೆ?"

"ಐದು ಗಂಟೆ ಒಳಗೆ ತಿದ್ದಿ ಕಳಿಸ್ಬೇಕಂತೆ. ಕೆಲಸ ಇರುತ್ತೋ ಇಲ್ವೋ ನಾಳೆ ಹೇಳ್ತಾರಂತೆ."

ಚಿಕ್ಕಮ್ಮ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, ಕುರ್ಚಿ ಮುಂದೆಳೆದು, ನಕ್ಷೆಯಲ್ಲಿ ಬಾಗಿಲನ್ನು ಹೊರಕ್ಕೆ ತಿರುಗಿಸಿದರು.