ವೇಳಾಪಟ್ಟಿಯ ಕೊನೆಯ ಕೋಣೆ

ವಸ್ತುಸಂಗ್ರಹಾಲಯ ನೋಡುವುದೆಂದರೆ ಟಿಕೆಟ್ ತಗೊಂಡು ಒಳಗೆ ಹೋಗುವುದು, ಅಷ್ಟೇ ಎಂದು ಮೆಲ್ಲಿ ತಿಳಿದಿದ್ದಳು. ದೊಡ್ಡಪ್ಪನ ಕಿವಿಗೆ ಹಾಕಿದ್ದೇ ತಪ್ಪಾಯಿತು. ಅವರು ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು. ನಿವೃತ್ತರಾದ ಮೇಲೆ ಬಸ್ಸುಗಳು ತಪ್ಪಿಸಿಕೊಂಡವು, ಮನೆಯವರು ಸಿಕ್ಕಿಬಿದ್ದರು.

ಮೆಲ್ಲಿಗೆ ಬೇಕಾದದ್ದು ಒಂದೇ. ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಊರಿನ ಹಳೆಯ ಕೈನಕ್ಷೆಗಳನ್ನು ಒಂದು ತಿಂಗಳ ಮಟ್ಟಿಗೆ ತೂಗುಹಾಕಿದ್ದರು. ಅದರಲ್ಲೊಂದು ಅವಳ ಅಪ್ಪ ಬರೆದದ್ದು. ಅಪ್ಪ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ನಕ್ಷೆಯನ್ನು ಅವಳು ಕಣ್ಣಾರೆ ಕಂಡಿರಲೇ ಇಲ್ಲ. ಶನಿವಾರ ಕೊನೆಯ ದಿನ, ಮಧ್ಯಾಹ್ನ ಒಂದಕ್ಕೇ ಬಾಗಿಲು ಮುಚ್ಚುವುದು. ಆಮೇಲೆ ಸುರುಳಿ ಸುತ್ತಿ ಉಗ್ರಾಣಕ್ಕೆ.

ಒಬ್ಬಳೇ ಹೋಗಬಹುದಿತ್ತು. ಆದರೆ ಗುರುತಿಲ್ಲದವರ ಹತ್ತಿರ ದಾರಿ ಕೇಳಬೇಕೆಂದರೆ ಅವಳ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಮನೆಯವರು ಮೆಲ್ಲಿ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಅಮ್ಮನನ್ನು ಕರೆದಳು. ಅಮ್ಮ ಹೊರಟರೆ ದೊಡ್ಡಮ್ಮ, ದೊಡ್ಡಮ್ಮ ಹೊರಟರೆ ದೊಡ್ಡಪ್ಪ.

ದೊಡ್ಡಪ್ಪ ಬುಧವಾರವೇ ಒಬ್ಬರೇ ಹೋಗಿ ಕಟ್ಟಡವನ್ನೆಲ್ಲ ಹೆಜ್ಜೆ ಹೆಜ್ಜೆಯಾಗಿ ಅಳೆದು ಬಂದರು. ಅಪ್ಪನ ನಕ್ಷೆ ಕಂಡಿತೇ ಎಂದು ಅಮ್ಮ ಕೇಳಿದ್ದಕ್ಕೆ, ಟ್ರಯಲ್ ಓಡಿಸುವಾಗ ಯಾರನ್ನೂ ಹತ್ತಿಸುವುದಿಲ್ಲ, ನೋಡುವುದೇನಿದ್ದರೂ ಶನಿವಾರ ಎಂದರು. ಗುರುವಾರ ಸ್ಕೇಲಿಟ್ಟು ಗೆರೆ ಎಳೆದು ನಾಲ್ಕು ಪ್ರತಿ ವೇಳಾಪಟ್ಟಿ ತಯಾರಾಯಿತು. ಮಣ್ಣಿನ ಪಾತ್ರೆ, ಹತ್ತು ಹತ್ತರಿಂದ ಹತ್ತೂವರೆ. ನೀರು ಕುಡಿಯಲು ನಾಲ್ಕು ನಿಮಿಷ. ದೊಡ್ಡಮ್ಮನ ಮಂಡಿಗೆ ಬೆಂಚು, ಆರು ನಿಮಿಷ. ನಕ್ಷೆಗಳಿಗೆ ಎಲ್ಲಕ್ಕಿಂತ ಕೆಳಗಿನ ಗೆರೆಯಲ್ಲಿ ಹನ್ನೆರಡು ನಲವತ್ತು. ಮೊದಲು ಅಲ್ಲಿಗೇ ಹೋಗಬಹುದಲ್ಲವೇ ಎಂದು ಮೆಲ್ಲಿ ಗೊಣಗಿದಳು. ದೊಡ್ಡಪ್ಪನಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತು, ಪಟ್ಟಿಯಲ್ಲಿ ಜಾಗ ಇರಲಿಲ್ಲ.

ಶನಿವಾರ ಮಣ್ಣಿನ ಪಾತ್ರೆಗಳನ್ನು ಏಳೇ ನಿಮಿಷದಲ್ಲಿ ನೋಡಿ ಮುಗಿಸಿದರು. ಬಾಗಿಲಿಗೆ ಬಂದರೆ ದೊಡ್ಡಪ್ಪ ಅಡ್ಡಲಾಗಿ ಕೈ ಚಾಚಿ ನಿಂತಿದ್ದಾರೆ.

"ಟೈಮಿಗೆ ಮುಂಚೆ ಬಿಡೋ ಹಾಗಿಲ್ಲ. ಲೇಟಾಗಿ ಬಿಟ್ರೆ ಬೈಸಿಕೊಂಡ್ರೆ ಆಯ್ತು. ಮುಂಚೆ ಬಿಟ್ರೆ, ಓಡಿ ಬರ್ತಿರೋನ ಗತಿ ಏನು?"

ಓಡಿ ಬರುವವರು ಯಾರೂ ಇರಲಿಲ್ಲ. ಒಂದೇ ಮಡಕೆಯ ಮುಂದೆ ಹದಿಮೂರು ನಿಮಿಷ ನಿಂತರು. ಅಮ್ಮ ಅದರ ಬಿರುಕುಗಳನ್ನು ಎರಡು ಸಲ ಎಣಿಸಿದಳು. ಮೈ ಪರಚಿಕೊಳ್ಳುವ ಹಾಗಾಗಿ ಮೆಲ್ಲಿ ಉದ್ದದ ನಿಟ್ಟುಸಿರು ಬಿಟ್ಟಳು.

ಹೀಗೆ ಕಾಪಾಡಿದ ನಿಮಿಷಗಳನ್ನೆಲ್ಲ ಎರಡನೇ ಮಹಡಿಯಲ್ಲಿ ದೊಡ್ಡಮ್ಮ ನುಂಗಿದರು. ಬೆಂಚಿನಲ್ಲಿ ಪಕ್ಕಕ್ಕೆ ಕೂತ ಹೆಂಗಸಿಗೂ ಅದೇ ಕಾಲು, ಅದೇ ಮಂಡಿನೋವು. ಡಾಕ್ಟರು, ಎಣ್ಣೆ, ಸೊಸೆ ಎಲ್ಲ ಮಾತಿನಲ್ಲಿ ಬಂದು ಹೋಗುವಷ್ಟರಲ್ಲಿ ಆರು ನಿಮಿಷ ಅರ್ಧ ಗಂಟೆಯಾಯಿತು. ಎಬ್ಬಿಸಲು ಹೋದ ಅಮ್ಮನೂ ಆ ಎಣ್ಣೆಯ ಹೆಸರು ಬರೆದುಕೊಳ್ಳುತ್ತ ನಿಂತಳು. ಹನ್ನೆರಡು ನಲವತ್ತೈದಕ್ಕೆ ಗಡಿಯಾರ, ಆಯುಧ, ನಕ್ಷೆ, ಮೂರು ಕೋಣೆಗಳೂ ಬಾಕಿ. ದೊಡ್ಡಪ್ಪ ಜೇಬಿನಿಂದ ಕೆಂಪು ಪೆನ್ನು ತೆಗೆದು ಕೊನೆಯ ಗೆರೆಯ ಮೇಲೆ ಇಟ್ಟರು.

"ಲೇಟಾದಾಗ ಕೊನೇ ಟ್ರಿಪ್ಪೇ ಕಟ್. ಬೇರೆ ದಾರಿ ಇಲ್ಲ."

ಮೆಲ್ಲಿ ಬೆಳಿಗ್ಗೆಯಿಂದ ತಡೆದಿಟ್ಟಿದ್ದ ಮಾತು ಹೊರಗೆ ಬಂತು, ಅದೂ ಎದುರಿನ ಗೋಡೆಯ ಹತ್ತಿರವಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.

"ದೊಡ್ಡಪ್ಪ, ನಾನು ಬಸ್ಸು ಹತ್ತಿದ್ದೇ ಕೊನೇ ಸ್ಟಾಪಿಗೆ. ಅರ್ಧ ದಾರೀಲಿ ಇಳಿಸ್ತೀರಾ?"

ಪೆನ್ನು ನಿಂತಿತು. ಅಷ್ಟು ವರ್ಷಗಳಲ್ಲಿ ಯಾರನ್ನೂ ನಡುದಾರಿಯಲ್ಲಿ ಇಳಿಸಿರದ ಮನುಷ್ಯ, ಅವಳ ಮುಖವನ್ನು ಹೊಸದಾಗಿ ಕಂಡವರಂತೆ ನೋಡಿದರು. ಆಮೇಲೆ ಮೇಲಿನ ಎರಡು ಗೆರೆಗಳಿಗೆ ಕೆಂಪು ಎಳೆದರು.

"ಗಡಿಯಾರಕ್ಕೂ ನಿಲ್ಲಿಸಲ್ಲ, ಆಯುಧಕ್ಕೂ ನಿಲ್ಲಿಸಲ್ಲ. ನಡೀರಿ, ಎಕ್ಸ್‌ಪ್ರೆಸ್ಸು."

ತಮ್ಮ ಮಂಡಿ ಎಕ್ಸ್‌ಪ್ರೆಸ್ಸಲ್ಲ ಎಂದು ದೊಡ್ಡಮ್ಮ ಬೆಂಚಿನಲ್ಲೇ ಉಳಿದರು. ಲಿಫ್ಟ್ ಕೆಟ್ಟಿತ್ತು, ಬುಧವಾರ ಸರಿಯಿತ್ತೆಂದು ದೊಡ್ಡಪ್ಪ ಮೆಟ್ಟಿಲುದ್ದಕ್ಕೂ ವಾದಿಸಿದರು.

ಕೋಣೆ ಮುಟ್ಟಿದಾಗ ಹನ್ನೆರಡು ಐವತ್ತೆರಡು. ಹೊದಿಕೆಯಷ್ಟು ಅಗಲದ ನಕ್ಷೆ. ಮೂಲೆಯಲ್ಲಿ ಅಪ್ಪನ ಹೆಸರು. ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕಿ ಮೆಲ್ಲಿಯ ಹೆಸರು ಬರೆಯುತ್ತಿದ್ದರಲ್ಲ, ಅವೇ ಓರೆ ಅಕ್ಷರಗಳು. ಅಮ್ಮ ಕನ್ನಡಕ ಒರೆಸಿಕೊಂಡಳು. ದೊಡ್ಡಪ್ಪ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು.

"ಡಿಪೋ ಗೇಟು ಪಡುವಲಿಗೆ ಹಾಕಿದ್ದಾನೆ. ಮೂಡಲಿಗೆ ಕಣೋ ಅಂತ ನೂರು ಸಲ ಹೇಳಿದ್ದೆ."

"ಈಗಲಾದ್ರೂ ಅವರ ಹತ್ರ ಜಗಳ ಬಿಡಿ ಭಾವ," ಎಂದಳು ಅಮ್ಮ.

ಮೆಲ್ಲಿ ಗಾಜಿನಿಂದ ಒಂದಿಷ್ಟು ದೂರದಲ್ಲಿ ಬೆರಳು ಹಿಡಿದು ನದಿಯಿಂದ ಶುರುಮಾಡಿದ್ದಳು. ಸೇತುವೆಯ ಹತ್ತಿರ ಬರುವಾಗ ಹಿಂದೆ ಬೀಗದ ಕೈ ಸದ್ದಾಯಿತು. ಕಾವಲುಗಾರ ಒಂದು ದೀಪ ಆರಿಸಿ, ಊಟದ ಹೊತ್ತು, ಹೊರಡಿ ಎಂದ. ಹನ್ನೆರಡು ಐವತ್ತಾರು.

ದೊಡ್ಡಪ್ಪ ಹೋಗಿ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿದರು, ಗಡಿಯಾರ ಕಟ್ಟಿದ ಕೈ.

"ಇನ್ನೂ ನಾಲ್ಕು ನಿಮಿಷ ಇದೆಯಪ್ಪ. ಟೈಮಿಗೆ ಮುಂಚೆ ಬಿಡೋ ಹಾಗಿಲ್ಲ."

ಕಾವಲುಗಾರ ಬಿಟ್ಟ ನಿಟ್ಟುಸಿರು ಬೆಳಿಗ್ಗೆ ಮಡಕೆಯ ಮುಂದೆ ಮೆಲ್ಲಿ ಬಿಟ್ಟದ್ದೇ. ಅವಳು ತಿರುಗಿ ನೋಡಲಿಲ್ಲ. ಬೆರಳು ಸೇತುವೆ ದಾಟಿತ್ತು, ಮನೆಗೆ ಇನ್ನೂ ಎರಡು ಬೀದಿ ಇತ್ತು.