ಏರು ಹತ್ತುವಾಗಿನ ಸಪ್ಪಳ

ಇದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ. ಓದುವವರು ಕ್ಷಮಿಸಬೇಕು. ನಾನು ಗುರುಸಿದ್ದ, ಇಚಲಕರಂಜಿಯ ಪಕ್ಕದ ಕಬನೂರಿನಲ್ಲಿ ಮಗ್ಗ ರಿಪೇರಿ ಮಾಡುವವನು, ಜಾಬರ್ ಎನ್ನುತ್ತಾರೆ. ಓದಿದ್ದು ರಾತ್ರಿ ಶಾಲೆಯಲ್ಲಿ, ಅದೂ ಮರಾಠಿಯಲ್ಲಿ. ಕನ್ನಡ ಓದು ಬರಹ ಬಂದದ್ದು ಮಠದಲ್ಲಿ ಸಂಜೆ ಹೊತ್ತು ವಚನ ಓದಿಸುತ್ತಿದ್ದ ಮಾಸ್ತರರಿಂದ. ಮೋಟರ್‌ಸೈಕಲ್ಲಿನ ವಿಷಯದಲ್ಲಿ ನನ್ನ ತಿಳಿವಳಿಕೆ ಇನ್ನೂ ಕಡಿಮೆ. ಇದುವರೆಗೆ ಒಂದೇ ಒಂದು ಗಾಡಿಯನ್ನು ಬಿಚ್ಚಿ ಮತ್ತೆ ಕೂಡಿಸಿದ್ದೇನೆ. ಇನ್ನೊಂದನ್ನು ಕೂಡಿಸಿದ ಮೇಲೆ ಬರೆದಿದ್ದರೆ ತಪ್ಪುಗಳು ಕಡಿಮೆಯಾಗುತ್ತಿದ್ದವೇನೋ.

ಗಾಡಿ ನನ್ನ ಸೋದರಮಾವ ಸತ್ಯಪ್ಪನವರದು. ಹಳೆಯ ಯೆಜ್ಡಿ. ಮಾಮಾ ಕಬನೂರಿನಲ್ಲಿ ನಾಲ್ಕಾರು ಮಗ್ಗ ಇಟ್ಟುಕೊಂಡು ರಿಪೇರಿಯನ್ನೂ ತಾವೇ ಮಾಡುತ್ತಿದ್ದರು. ಅವರ ಸಂಸಾರ ಗಡಹಿಂಗ್ಲಜದಲ್ಲಿತ್ತು. ವಾರದ ರಜೆಗೆ ಈ ಗಾಡಿ ಹತ್ತಿ ಊರಿಗೆ ಹೋಗುತ್ತಿದ್ದರು. ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಮುಂಚೆ ಮಗ್ಗಗಳಿಗೆ ಹಸಿರು ಬಣ್ಣ ಬಳಿಯುವುದು ನಮ್ಮ ಶೆಡ್ಡುಗಳ ರೂಢಿ. ಮಾಮಾ ಡಬ್ಬಿಯಲ್ಲಿ ಉಳಿದ ಬಣ್ಣವನ್ನು ಗಾಡಿಗೂ ಬಳಿಯುತ್ತಿದ್ದರು. ವರ್ಷಕ್ಕೊಂದು ಪದರ. ಆ ಗಾಡಿಯ ಮೂಲ ಬಣ್ಣ ಯಾವುದೆಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಅವರು ತೀರಿಕೊಂಡ ಮೇಲೆ ಗಾಡಿ ಗಡಹಿಂಗ್ಲಜದ ಮನೆಯ ಕೊಟ್ಟಿಗೆಯಲ್ಲಿ ನಿಂತಿತು. ಅದರ ಸೀಟಿನ ಮೇಲೆ ಕೋಳಿಗಳು ಕೂರುತ್ತಿದ್ದವು. ಕಳೆದ ವರ್ಷ ಅವರ ಮಗ ವಿಶಾಲ ಕೊಟ್ಟಿಗೆ ಕೆಡವಿ ಬೀಜ ಗೊಬ್ಬರದ ಅಂಗಡಿ ಹಾಕಲು ನಿರ್ಧರಿಸಿದ. ನಾನು ಆ ದಿನ ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ.

"ಅವ್ವಾ, ಭಂಗಾರದಾಂವ ನಾಳೆ ಬರ್ತಾನ. ಗಾಡಿ ಒಯ್ತಾನ. ನಿನ್ನ ಕೋಳಿಗೆ ಬ್ಯಾರೆ ಜಾಗಾ ನೋಡು," ಎಂದ ವಿಶಾಲ. ಭಂಗಾರ ಎಂದರೆ ನಮ್ಮ ಕಡೆ ಗುಜರಿ.

ನನ್ನ ಬಾಯಿಂದ ತಾನೇ ಮಾತು ಬಂತು. "ನಾ ಒಮ್ಮಿ ರಿಪೇರಿ ಮಾಡಿ ನೋಡ್ಲೇನ್ರಿ ಅತ್ತಿ?"

"ನೋಡಾಕ ಏನೈತಿ ಅದರಾಗ? ಕೋಳಿ ತತ್ತಿ ಇಟ್ಟೈತಿ, ಅದನ್ನ ನೋಡು," ಎಂದ ವಿಶಾಲ.

ಮಾಮಾನ ಹೆಂಡತಿ ಇಂದುಬಾಯಿ ಅತ್ತಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ. "ಖಂಡೇನವಮಿ ದಿನ ತನ್ನ ಕಾಲಮ್ಯಾಲ ಈ ಬಾಗ್ಲಿಗೆ ಬರ್ಲಿ. ಅವರ ಗಾಡಿ ಅಂತ ನಾ ಪೂಜಿ ಮಾಡ್ತೇನಿ. ಪೂಜಿ ಆದ್ರ ಗುರುಸಿದ್ದಂದು. ಇಲ್ಲಂದ್ರ ಭಂಗಾರದಾವಂದು. ಆತಿಲ್ಲೋ?"

ಆಯಿತು ಎಂದೆವು, ಇಬ್ಬರೂ.

ಗಾಡಿ ನನಗೇಕೆ ಬೇಕಿತ್ತು ಎಂದು ಹೆಂಡತಿ ಕಾಂಚನ ಕೇಳಿದಳು. ಮಗ್ಗದ ಕೆಲಸ ನನಗೆ ಕಲಿಸಿದವರು ಮಾಮಾ. ಆದರೆ ಜಾಬರ್ ಎಂದರೆ ಕೆಟ್ಟ ತುಂಡನ್ನು ಸರಿಮಾಡಿ ಮುಂದಿನ ಮಗ್ಗಕ್ಕೆ ಹೋಗುವವನು. ಒಂದು ಯಂತ್ರವನ್ನು ಮೊದಲ ಬೋಲ್ಟಿನಿಂದ ಕೊನೆಯ ಬೋಲ್ಟಿನವರೆಗೆ ನಾನೇ ಕೂಡಿಸಿ, ಇದು ನನ್ನದು ಎಂದದ್ದಿಲ್ಲ. ಇಷ್ಟನ್ನು ಆಗ ಹೇಳಲು ಬರಲಿಲ್ಲ. "ಸುಮ್ನ," ಎಂದೆ.

ಊರಲ್ಲಿ ಸಂಜೆ ಹೊತ್ತು ದ್ವಿಚಕ್ರ ವಾಹನ ರಿಪೇರಿಯ ವರ್ಗ ನಡೆಯುತ್ತಿತ್ತು. ಹೆಸರು ಹಚ್ಚಿದೆ. ಕಲಿಸುವ ಕೇದಾರ ಸರ್ ನನಗಿಂತ ಬಹಳ ಚಿಕ್ಕವರು. ಒಂದು ನಟ್ಟು ಬಿಗಿದರೆ ಸಾಕು, ನಾನು ಅವರ ಕಡೆ ನೋಡುತ್ತಿದ್ದೆ. "ಗುರುಸಿದ್ದ ಕಾಕಾ, ನಟ್ಟ ತಿರುವಿದ ಮ್ಯಾಲ ನನಗ ನಮಸ್ಕಾರ ಮಾಡೂದು ಬಿಡ್ರಿ. ಬಿಗಿ ಆಗೇತಿ ಅದು," ಎನ್ನುತ್ತಿದ್ದರು.

ಇಂಜಿನ್ ಬಿಚ್ಚಿದಾಗ ಸಿಲಿಂಡರ್ ಒಳಗೆ ತುಕ್ಕು ಹಿಡಿದಿತ್ತು. ಅದನ್ನು ಕೊರೆಸಲು ಕೊಲ್ಲಾಪುರದ ಉದ್ಯಮನಗರಕ್ಕೆ ಒಯ್ಯಬೇಕಾಯಿತು. ಕಾಂಚನಳ ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೆ. ಪಕ್ಕದ ಅಜ್ಜಿ ಕೂಸು ಎಂದುಕೊಂಡು ಸೆರಗು ಸರಿಸಿ ನೋಡಿದರು. ಆಮೇಲೆ ಕೊಲ್ಲಾಪುರ ಬರುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ಲೇಥಿನವನು ಸಿಲಿಂಡರನ್ನು ಚೆನ್ನಾಗಿಯೇ ಕೊರೆದು, ಅದಕ್ಕೆ ತಕ್ಕ ಹೊಸ ಪಿಸ್ಟನ್ ಕೊಟ್ಟ. ಉಳಿದದ್ದೆಲ್ಲ ಹಳೆಯದೇ.

ಬಣ್ಣ ಕೆರೆದೆ. ಹಸಿರಿನ ಕೆಳಗೆ ಹಸಿರು, ಅದರ ಕೆಳಗೂ ಹಸಿರು, ತಳದಲ್ಲಿ ಕಪ್ಪು. ಕಪ್ಪೇ ಬಳಿಯಬೇಕು, ಮೂಲ ಅದೇ, ಎಂದರು ಕೇದಾರ ಸರ್. ಅತ್ತಿ ಗುರುತು ಹಿಡಿಯದಿದ್ದರೆ ಎಂದು ಹೆದರಿ ಮಗ್ಗದ ಹಸಿರನ್ನೇ ತಂದೆ.

"ಇದು ಗಾಡಿ ಅಲ್ಲ. ಗಾಲಿ ಹಚ್ಚಿದ ಮಾಗ," ಎಂದಳು ಕಾಂಚನ. ಮಾಗ ಎಂದರೆ ನಮ್ಮ ಕಡೆ ಮಗ್ಗ.

ಕೊನೆಯಲ್ಲಿ ಉಳಿದದ್ದು ಕಿಡಿಯ ಹೊತ್ತು ಹೊಂದಿಸುವ ಕೆಲಸ. ಪಿಸ್ಟನ್ ಮೇಲಿನ ತುದಿ ಮುಟ್ಟುವ ತುಸು ಮೊದಲು ಕಿಡಿ ಬೀಳಬೇಕು. ಎಷ್ಟು ಮೊದಲು ಎಂಬುದನ್ನು ವರ್ಗದಲ್ಲಿ ಅಳೆದು ತೋರಿಸಿದ್ದರು. ಹಾಗೆಯೇ ಅಳೆದೆ. ಆಮೇಲೆ ಕಿಡಿಯ ತಟ್ಟೆಯನ್ನು ಒಂದು ಎಳೆ ನೂಲಿನಷ್ಟು ಇನ್ನೂ ಮೊದಲಿಗೆ ಸರಿಸಿದೆ.

ಹಾಗೇಕೆ ಮಾಡಿದೆ ಎಂದು ಹೇಳಬೇಕು. ಮಗ್ಗದಲ್ಲಿ ಲಾಳಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾರುತ್ತದೆ. ನಾವು ಧೋಟಾ ಎನ್ನುತ್ತೇವೆ. ಅದು ತಡವಾಗಿ ಹೊರಟರೆ ನಡುವೆಯೇ ಸಿಕ್ಕಿಕೊಂಡು ನೂರಾರು ಎಳೆ ಕಡಿಯುತ್ತದೆ. ಆದ್ದರಿಂದ ಮಗ್ಗ ಹಳೆಯದಾದಷ್ಟೂ ಧೋಟಾದ ಹೊಡೆತವನ್ನು ತುಸು ಮೊದಲೇ ಇಡಬೇಕು. ಮಾಮಾ ಕಲಿಸಿದ ಮೊದಲ ಪಾಠ ಅದು: "ತಡಾ ಆದ ಧೋಟಾ ನೂಲ ಕಡಿತೈತಿ. ಲಗೂ ಹೊಡದದ್ದು ಬರೇ ಸಪ್ಪಳಾ ಮಾಡ್ತೈತಿ." ಲಗೂ, ಅಂದರೆ ಬೇಗ, ಇದ್ದರೆ ಸುರಕ್ಷಿತ ಎಂದು ನನ್ನ ಕೈಗೆ ರೂಢಿಯಾಗಿತ್ತು.

ಗಾಡಿ ಚಾಲೂ ಆಯಿತು. ಕಾಂಚನಳನ್ನು ಹಿಂದೆ ಕೂರಿಸಿಕೊಂಡು ಪಂಚಗಂಗೆಯವರೆಗೆ ಹೋಗಿ, ನದಿಯಿಂದ ಊರಿಗೆ ಏರುವ ರಸ್ತೆಯಲ್ಲಿ ವಾಪಸು ಬಂದೆ.

"ಡಬ್ಬ್ಯಾಗ ಹರಳ ಹಾಕಿ ಅಳ್ಳಾಡಿಸಿದಂಗ ಸಪ್ಪಳಾ ಬರಾಕತ್ತೇತಿ," ಎಂದಳು ಅವಳು.

"ಎಲ್ಲಿ?"

"ಎಲ್ಲಿ ಅಂದ್ರ? ನಿಮ್ಮ ಕಾಲಬುಡಕ."

ನನಗೆ ಏನೂ ಕೇಳಿಸಿರಲಿಲ್ಲ. ಮಗ್ಗದ ಶೆಡ್ಡಿನಲ್ಲಿ ವಯಸ್ಸು ಕಳೆದವರ ಕಿವಿ ಹಾಗೆಯೇ. ದೊಡ್ಡ ಸದ್ದು ಕೇಳುತ್ತದೆ, ಅದರೊಳಗಿನ ಸಣ್ಣದು ಕೇಳುವುದಿಲ್ಲ. ನಾವು ಯಂತ್ರದ ಮೇಲೆ ಅಂಗೈ ಇಟ್ಟು ನೋಡುತ್ತೇವೆ. ನನ್ನ ಜೊತೆಯ ಜಾಬರ್ ಗುರಣ್ಣನನ್ನು ಕರೆದೆ. ಅವನು ವೈದ್ಯನಂತೆ ಪೆಟ್ರೋಲ್ ಟಾಕಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ.

"ಭಾರಿ ಐತಿ. ನಾಡಿ ಚೊಲೋ ಐತಿ."

"ಕಿವುಡಗ ಕಿವುಡ ಸಾಕ್ಷಿ," ಎಂದಳು ಕಾಂಚನ. ಗುರಣ್ಣನಿಗೆ ಅದೂ ಕೇಳಿಸಲಿಲ್ಲ. ಹೌದ್ರಿ ವೈನಿ ಎಂದ.

ಮರುದಿನ ಕೇದಾರ ಸರ್ ಗಾಡಿ ಓಡಿಸಿ ನೋಡಿದರು. "ಕಾಕಾ, ಕಿಡಿ ಭಾಳ ಲಗೂ ಬೀಳಾಕತ್ತೇತಿ. ಏರ ಹತ್ತೂದ್ರಾಗ ಬಡಿತೈತಿ. ಹಿಂಗ ಓಡಿಸಿದ್ರ ಪಿಸ್ಟನ್ ತಲಿ ಸುಡ್ತೈತಿ."

ಅಷ್ಟು ದಿನ ಅಳೆದು ಅಳೆದು ಮಾಡಿದ ಮೇಲೂ ಇಷ್ಟೇ ಆಯಿತಲ್ಲ ಎಂದು ನನಗೆ ಬೇಸರವಾಯಿತು. ಸರಿಪಡಿಸಲು ನನ್ನ ಕಿವಿ ಸಾಲದು. ಕಾಂಚನ ಹಿಂದೆ ಕುಳಿತು, ಸಪ್ಪಳ ಬಂದರೆ ನನ್ನ ಹೆಗಲು ಒತ್ತುವುದೆಂದು ಮಾತಾಯಿತು. ಏರು ಹತ್ತಿದೆವು, ಇಳಿದೆವು, ತಿರುಪು ಸಡಿಲಿಸಿ ಕಿಡಿಯ ತಟ್ಟೆಯನ್ನು ಸರಿಸಿದೆವು, ಮತ್ತೆ ಹತ್ತಿದೆವು. ಕೊನೆಗೊಮ್ಮೆ ಮೇಲಿನವರೆಗೂ ಹೆಗಲ ಮೇಲೆ ಕೈ ಬೀಳಲಿಲ್ಲ.

ಖಂಡೇನವಮಿ ದಿನ ಬೆಳಿಗ್ಗೆ ಶೆಡ್ಡಿನ ಪೂಜೆಯಾಯಿತು. ನನ್ನ ಪಾನಾ, ಸ್ಕ್ರೂಡ್ರೈವರ್ ಎಲ್ಲವನ್ನೂ ಮಗ್ಗದ ಮುಂದೆ ಇಟ್ಟು ವಿಭೂತಿ, ಕುಂಕುಮ ಹಚ್ಚಿದೆ. ಪೂಜೆಯಾದ ಹತಾರಗಳನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಕಾಂಚನಳನ್ನು ಹಿಂದೆ ಕೂರಿಸಿಕೊಂಡು ಬರಿಗೈಯಲ್ಲಿ ಅಷ್ಟು ದೂರ ಹೊರಡಲು ಹೆದರಿಕೆಯಾಯಿತು. ಆದರೂ ನಿಪ್ಪಾಣಿ, ಸಂಕೇಶ್ವರ ದಾಟಿ ಗಾಡಿ ಒಂದೂ ತಕರಾರು ಮಾಡದೆ ಗಡಹಿಂಗ್ಲಜ ಮುಟ್ಟಿತು. ಮಾಮಾನ ಮನೆ ಏರು ಓಣಿಯ ತುದಿಯಲ್ಲಿದೆ. ಅದನ್ನೂ ಸರಾಗವಾಗಿ ಹತ್ತಿತು.

ಬಾಗಿಲಲ್ಲಿ ವಿಶಾಲ ಒಬ್ಬನೇ ಇದ್ದ. ಅವನು ಕರೆದ ಮೇಲೆ ಅತ್ತಿ ಪೂಜೆಯ ತಟ್ಟೆ ಹಿಡಿದು ಹೊರಗೆ ಬಂದರು. ಗಾಡಿಯನ್ನು ನೋಡಿದರು. ಟಾಕಿ ಮುಟ್ಟಿದರು, ಸೀಟು ಮುಟ್ಟಿದರು.

"ಯಾರದಿದು?"

"ಮಾಮಾಂದ್ರಿ ಅತ್ತಿ."

"ಬಣ್ಣ ಅವರದು. ಗಾಡಿ ಅವರದಲ್ಲ."

ವಿಶಾಲ ನಕ್ಕ. "ಇಂಜಿನ್ ಕೊಲ್ಲಾಪುರಕ್ಕ ಹೋಗಿ ಬಂದೈತಿ ಅವ್ವಾ. ಊರು ಬಿಟ್ಟು ಹೋದವರು ಬದಲ್ ಆಗೇ ಬರ್ತಾರ."

ನನಗೆ ನಗು ಬರಲಿಲ್ಲ. ಸಿಲಿಂಡರ್ ಅದೇ, ಕೊರೆಸಿದ್ದಷ್ಟೇ ಎಂದು ಹೇಳತೊಡಗಿದೆ. ಹೇಳಿದಷ್ಟೂ ನನ್ನ ಮಾತು ಸುಳ್ಳುಗಾರನ ಮಾತಿನಂತೆ ನನಗೇ ಕೇಳಿಸಿತು. ಅತ್ತಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು.

"ಅವರ ಗಾಡಿ ಏರಿನ ಬುಡಕ ಇದ್ದಾಗ ನಾ ಒಲಿಮ್ಯಾಲ ತವಿ ಇಡ್ತಿದ್ನಿ. ಹತ್ತೂದ್ರಾಗ ಕಟಕಟ ಕಟಕಟ ಅಂತಿತ್ತು. ಓಣಿಗೆಲ್ಲಾ ಕೇಳ್ತಿತ್ತು. ಅವರು ಬಾಗ್ಲಾಗ ಚಪ್ಪಲ ಬಿಡೂದ್ರಾಗ ಮೊದಲನೇ ರೊಟ್ಟಿ ಆಗಿರ್ತಿತ್ತು. ಇದು ಕಳ್ಳನಂಗ ಬಂತು. ಅವರ ಗಾಡಿ ಎಲ್ಲಿ ಬಿಟ್ಟು ಬಂದಿ, ಗುರುಸಿದ್ದಾ?"

ಅವರು ಅದನ್ನು ಸಿಟ್ಟಿನಿಂದ ಕೇಳಲಿಲ್ಲ. ಬಸ್ಸಿನಲ್ಲಿ ಮರೆತ ಚೀಲದ ಬಗ್ಗೆ ಕೇಳಿದಂತೆ ಕೇಳಿದರು.

ಕಾಂಚನ ನನ್ನ ಕಡೆ ನೋಡಿದಳು. ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಮಾಮಾನೂ ಜಾಬರ್. ಧೋಟಾದಂತೆ ಕಿಡಿಯನ್ನೂ ಲಗೂ ಇಟ್ಟಿದ್ದರು. ಅಷ್ಟು ವರ್ಷ ಗಾಡಿ ಬಡಿದುಕೊಳ್ಳುತ್ತಲೇ ಈ ಏರು ಹತ್ತಿತ್ತು.

"ಅತ್ತಿ, ಅದು ಗಾಡಿಯ ಬ್ಯಾನಿ ಸಪ್ಪಳರಿ. ನಾ ಅದನ್ನ ತಗದೇನಿ."

"ಬ್ಯಾನಿದೋ ಏನೋ, ಅದು ಅವರದು. ಬ್ಯಾರೆ ಗಾಡಿಗೆ ನಾ ಯಾಕ ಪೂಜಿ ಮಾಡ್ಲಿ?"

ಪೂಜೆ ಇಲ್ಲವೆಂದರೆ ಗಾಡಿ ಭಂಗಾರಕ್ಕೆ. ವಿಶಾಲ ಕೊಟ್ಟಿಗೆಯಿದ್ದ ಜಾಗದ ಕಡೆ ನೋಡಿದ. ನಾನು ಅವನಿಗೆ ಸ್ಕ್ರೂಡ್ರೈವರ್ ಕೇಳಿದೆ. ಅವನು ದೇವರ ಕೋಣೆ ತೋರಿಸಿದ. ಗುದ್ದಲಿ, ಕುಡುಗೋಲು, ಈಳಿಗೆ, ಸ್ಕ್ರೂಡ್ರೈವರ್, ಎಲ್ಲವೂ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಮಲಗಿದ್ದವು. ಕಾಂಚನ ಅಡಿಗೆಮನೆಯಿಂದ ಒಂದು ಚಮಚ ತಂದಳು.

"ಇದಕ್ಕ ಯಾರೂ ಪೂಜಿ ಮಾಡಿಲ್ಲ."

ಚಮಚದ ಹಿಡಿಕೆಯಿಂದ ಇಂಜಿನ್ನಿನ ಮುಚ್ಚಳ ತೆಗೆದೆ. ಎರಡನೆಯ ತಿರುಪಿಗೆ ಹಿಡಿಕೆ ಬಾಗಿತು. ಕಿಡಿಯ ತಟ್ಟೆಯನ್ನು ಒಂದು ಎಳೆ ನೂಲಿನಷ್ಟು ಮೊದಲಿಗೆ ಸರಿಸಿದೆ. ಗೊತ್ತಿದ್ದೂ ಕೆಡಿಸುವುದು ಸರಿಪಡಿಸುವುದಕ್ಕಿಂತ ಕಷ್ಟ. ಗಾಡಿಯನ್ನು ಓಣಿಯ ಬುಡಕ್ಕೆ ಇಳಿಸಿ ತಿರುಗಿಸಿದೆ.

ಮೇಲೆ ಕಾಂಚನ ನಿಂತಿದ್ದಳು. ಅತ್ತಿ ಕಟ್ಟೆಯ ಮೇಲೆ ಕುಳಿತಿದ್ದರು. ಹತ್ತತೊಡಗಿದೆ. ನನಗೆ ಇಂಜಿನ್ನಿನ ಸದ್ದು ಎಂದಿನಂತೆಯೇ ಕೇಳಿಸಿತು. ಪಾದದ ಕೆಳಗೆ ಮಾತ್ರ ತುಸು ಒರಟು. ಅರ್ಧ ಏರಿನಲ್ಲಿ ಕಾಂಚನ ಎಡ ಅಂಗೈಯ ಮೇಲೆ ಬಲ ಮುಷ್ಟಿ ಬಡಿದು ತೋರಿಸಿದಳು. ಸದ್ದಿನ ನಡುವೆ ಮಾತಾಡಲಾಗದ ಶೆಡ್ಡಿನಲ್ಲಿ, ಮಗ್ಗ ಬಡಿಯುತ್ತಿದೆ ಎಂದು ಹೇಳುವ ಸನ್ನೆ ಅದು; ನನ್ನಿಂದಲೇ ಕಲಿತದ್ದು. ಆದರೆ ಅಷ್ಟರಲ್ಲಿ ಕಟ್ಟೆ ಖಾಲಿಯಾಗಿತ್ತು. ಅತ್ತಿ ಎದ್ದು ಒಳಗೆ ಹೋಗಿದ್ದರು.

ಗಾಡಿ ನಿಲ್ಲಿಸಿ ಇಳಿದೆ. ಮುಗಿಯಿತು ಎಂದುಕೊಂಡೆ. ಭಂಗಾರದವನಿಗೆ ಕೊಡುವ ಮೊದಲು ಹೊಸ ಪಿಸ್ಟನ್ನನ್ನಾದರೂ ಬಿಚ್ಚಿಕೊಳ್ಳಬಹುದೇ, ಕೇಳುವುದು ತಪ್ಪಾಗುತ್ತದೆಯೇ ಎಂದು ಯೋಚಿಸುತ್ತಿದ್ದೆ.

ಒಳಗಿನಿಂದ ವಿಶಾಲನ ದನಿ ಕೇಳಿಸಿತು. "ಅವ್ವಾ, ಹೋಳಿಗಿ ಎಲ್ಲಾ ಆಗಿ ಮುಚ್ಚಿಟ್ಟಾವಲ್ಲ. ಮತ್ತ್ಯಾಕ ಒಲಿಮ್ಯಾಲ ತವಿ ಇಟ್ಟಿ?"

ಅತ್ತಿ ಅವನಿಗೆ ಉತ್ತರ ಕೊಡಲಿಲ್ಲ. ಹೊರಗೆ ಬಂದಾಗ ಅವರ ಕೈಗೆ ಜೋಳದ ಹಿಟ್ಟು ಹತ್ತಿತ್ತು. ಸೆರಗಿಗೆ ಒರೆಸಿಕೊಂಡು ಪೂಜೆಯ ತಟ್ಟೆ ತೆಗೆದುಕೊಂಡರು. ಹೆಡ್‌ಲೈಟಿಗೆ ವಿಭೂತಿ ಎಳೆದರು, ಚೆಂಡುಹೂವಿನ ಮಾಲೆ ಹಾಕಿದರು. ವಿಶಾಲ ಕಾಯಿ ಒಡೆದ. ಪೂಜೆ ಅಷ್ಟೇ.

ಪೂಜೆಯಾದ ಗಾಡಿಯನ್ನು ಅಂದು ಓಡಿಸುವಂತಿಲ್ಲ. ಉಳಿದೆವು. ಮರುದಿನ ಹೊರಡುವಾಗ ನಾನು ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ನಿಂತದ್ದನ್ನು ಅತ್ತಿ ನೋಡಿದರು. "ಈಗ ಇಳಿಜಾರಲ್ಲ? ಇಳಿವಾಗ ಅದು ಎಂದೂ ಸಪ್ಪಳಾ ಮಾಡಿಲ್ಲ. ಮುಂದ ಎಲ್ಲೆರೆ ಮಾಡ್ಕೋ," ಎಂದರು. ಸಂಕೇಶ್ವರದಲ್ಲಿ ನಿಲ್ಲಿಸಿ ಸರಿಪಡಿಸಿಕೊಂಡೆ. ಈಗಲೂ ಗಡಹಿಂಗ್ಲಜಕ್ಕೆ ಹೋದರೆ ಓಣಿಯ ಬುಡದಲ್ಲಿ ನಿಂತು ಕಿಡಿಯನ್ನು ಒಂದು ಎಳೆಯಷ್ಟು ಮೊದಲಿಗೆ ಸರಿಸುತ್ತೇನೆ. ಕೇದಾರ ಸರ್‌ಗೆ ಇದು ಗೊತ್ತಿಲ್ಲ.

ಹೋದ ಸಲ ಊಟಕ್ಕೆ ಕುಳಿತಾಗ ಅತ್ತಿಯನ್ನು ಕೇಳಿದೆ. "ಮಾಮಾಗ ಆ ಸಪ್ಪಳಾ ಕೇಳ್ತಿತ್ತೇನ್ರಿ?"

"ನಾ ಎಂದೂ ಅವರನ್ನ ಕೇಳಿಲ್ಲಪಾ," ಎಂದು ಇನ್ನೊಂದು ರೊಟ್ಟಿ ಹಾಕಿದರು.

ಮಾಮಾ ಕಿಡಿಯನ್ನು ಲಗೂ ಇಟ್ಟದ್ದು ಕೈಯ ರೂಢಿಯಿಂದಲೋ, ಕಿವಿ ಕೇಳದ್ದರಿಂದಲೋ, ಅಥವಾ ಯಾರೋ ಹೇಳಿ ತಿಳಿದ ಮೇಲೂ ಅತ್ತಿಯ ತವೆಯ ಸಲುವಾಗಿ ಹಾಗೆಯೇ ಬಿಟ್ಟರೋ, ನನಗೆ ಗೊತ್ತಿಲ್ಲ. ಹೇಳಬಲ್ಲವರು ಯಾರೂ ಉಳಿದಿಲ್ಲ. ಆ ಸಪ್ಪಳ ಹೇಗಿರುತ್ತದೆ ಎಂಬುದೂ ನನಗೆ ಗೊತ್ತಿಲ್ಲ. ನಾನು ಅದನ್ನು ಇದುವರೆಗೆ ಕೇಳಿಲ್ಲ.